ಬಾಯಿಲೆಕ್ಕ

ಇಪ್ಪತ್ತಾರು ವರ್ಷ ಶಿವಾಜಿನಗರದಲ್ಲಿ ಬೋರ್ಡು ಬರೆದೆ.
ಒತ್ತಿಗೆ ಎಷ್ಟು ಬಣ್ಣ, ದೀರ್ಘಕ್ಕೆ ಎಷ್ಟು ಬಾಲ,
ಕಣ್ಣು ಮುಚ್ಚಿದರೂ ಕುಂಚಕ್ಕೆ ಗೊತ್ತು.
ಜ಼ರೀನಾ ಟೈಲರ್ಸ್‌ಗೆ ಜಕಾರದ ಕೆಳಗೆ ಎರಡು ಚುಕ್ಕಿಯಿಟ್ಟು
ಚುಕ್ಕಿಗೆ ಬೇರೆ ಕಾಸು ಕೇಳಿ ಬೈಸಿಕೊಂಡವನು ನಾನು.

ಮಗನಿಗೆ ಕಿವಿ ಕೇಳದು.
ಹೆಸರು ಜ್ಞಾನಪ್ರಕಾಶ, ಚರ್ಚಿನ ರಿಜಿಸ್ಟರಿನಲ್ಲಿ.

ತುಟಿ ನೋಡಿ ಮಾತು ಹಿಡಿಯುತ್ತಾನೆ. ಹಿಡಿದದ್ದು ಜಾರುತ್ತದೆ:
ಮಾವ ಬಂದ ಅಂದರೆ ಬಾವನಿಗೆ ಕುರ್ಚಿ ಹಾಕುತ್ತಾನೆ.
ಪ, ಬ, ಮ, ಮೂರಕ್ಕೂ ಒಂದೇ ಬಾಗಿಲು;
ಒಳಗೆ ಯಾರಿದ್ದಾರೆಂದು ಬೀದಿಯಲ್ಲಿ ನಿಂತವನಿಗೆ ತಿಳಿಯುವುದು ಹೇಗೆ?

ಒಂದು ದಿನ ಅವನೇ ಅವ್ವನ ಗಂಟಲು ಮುಟ್ಟಿ ನೋಡಿದ.
ಶುರುವಾಯಿತು ಪುಸ್ತಕ,
ದಿನಸಿ ಅಂಗಡಿಯವರ ಉದ್ದನೆಯ ಲೆಕ್ಕದ ಪುಸ್ತಕ.
ತುಟಿ ಕೂಡಿದರೆ ಒಂದು ಗೆರೆ.
ಗಂಟಲು ನಡುಗಿದರೆ ಗೆರೆಯಡಿ ಕೆಂಪು
(ನನ್ನದೇ ಡಬ್ಬಿಯದು, ಕೇಳದೆ ತೆಗೆದದ್ದು).
ಮೂಗು ಜುಮ್ಮೆಂದರೆ ಮೇಲೊಂದು ಸೊನ್ನೆ.
ಅಂಗೈಗೆ ಉಸಿರು ಬಡಿದರೆ ಗರಿ.

ಈಗ ರಸೆಲ್ ಮಾರ್ಕೆಟ್ಟೆಲ್ಲ ಸುತ್ತುತ್ತಾನೆ.
ಬಾಳೆಹಣ್ಣಿನ ಪೆರಿಯನಾಯಗಿ ‘ವಾೞೈ’ ಅಂದಾಗ
ನಾಲಿಗೆ ಹಿಂದಕ್ಕೆ ಮಡಿಚಿ, ಅಂಗುಳ ಮುಟ್ಟದೆ ನಿಂತದ್ದನ್ನು
ಬಗ್ಗಿ ನೋಡಿ ಸುರುಳಿ ಬರೆದುಕೊಂಡ.
ಆ ಸದ್ದಿಗೆ ನಮ್ಮಲ್ಲೂ ಅಕ್ಷರವಿತ್ತು.
ಹಳೆಗಲ್ಲುಗಳ ಮೇಲೆ ಉಳಿದಿದೆ,
ಬಾಯಿಂದ ಯಾವಾಗಲೋ ಬಿದ್ದುಹೋಯಿತು.
ಖರ್ಜೂರದ ಸಾಹೇಬರು ‘ಖ಼ರೀದೋ’ ಅನ್ನುತ್ತ
ಗಂಟಲ ತಳದಲ್ಲಿ ಉಜ್ಜಿದ್ದಕ್ಕೆ ಗರಗಸದ ಹಲ್ಲು.

ಇದು ತಮಿಳು, ಇದು ಉರ್ದು ಎಂದು
ಪುಟದ ಮೇಲೆ ಬೋರ್ಡು ಬರೆಯಹೋದೆ.
ಪೆನ್ಸಿಲು ಕಸಿದುಕೊಂಡ.
ಅವನ ಪುಸ್ತಕದಲ್ಲಿ ಭಾಷೆಗಳಿಲ್ಲ, ಬಾಯಿಗಳಿವೆ.

ನಿನ್ನೆ ರಾತ್ರಿ ಊಟವಾದ ಮೇಲೆ
ನನ್ನ ಗಂಟಲಿಗೆ ಬೆರಳಿಟ್ಟು ತನ್ನೆದೆ ತೋರಿಸಿಕೊಂಡ:
ನನ್ನ ಹೆಸರು ಹೇಳು.
ಹೇಳಿದೆ. ಬರೆದ.
ಜ ಇಲ್ಲ, ಞ ಇಲ್ಲ;
ನಾಲಿಗೆಯ ಬುಡದಲ್ಲಿ ಕೆಂಪು, ಆಮೇಲೆ ಜಾರುವ ಗೆರೆ: ಗ್ಯಾನಿ.
ಇಷ್ಟು ವರ್ಷ ಒಂದು ಬರೆದು ಇನ್ನೊಂದು ಅಂದವನು
ಹನ್ನೊಂದರ ಹುಡುಗನ ಕೈಗೆ ಸಿಕ್ಕಿಬಿದ್ದೆ.
ಪ್ರಕಾಶವೂ ಇಲ್ಲ. ಅಷ್ಟು ಪೂರ್ತಿ ಯಾವತ್ತು ಕರೆದಿದ್ದೇನೆ?

ಕೊನೆಯಲ್ಲಿ ಮಾತ್ರ ಕೂದಲೆಳೆಯಂಥ ಒಂದು ಅಲೆ,
ಪುಸ್ತಕದಲ್ಲಿ ಬೇರೆಲ್ಲೂ ಇಲ್ಲದ್ದು.
ಇದ್ಯಾವ ಸದ್ದೋ, ಎಂದು ಕೈಯಲ್ಲೇ ಕೇಳಿದೆ.

ಮತ್ತೆ ನನ್ನ ಗಂಟಲನ್ನೇ ಮುಟ್ಟಿದ.