ಸಾವಿರದ ನೂರ ಹದಿನೇಳನೇ ಹೆಜ್ಜೆ

ಇಬ್ಬರ ಸೊಂಟದಲ್ಲೂ ಪಟ್ಟಿ ಇದೆ, ತಕರಾರು ಅದೇ.
ಮಝಗಾಂವಿನ ಗಾಸ್ಪರ್ ರೆಬೆಲೊ, ಡಾಕಿನ ಚಾಂಪಿಯನ್.
ನಾಗಪಾಡದ ಮುನಾಫ್ ಮುಕಾದಮ್, ರೈಲ್ವೆಯ ಚಾಂಪಿಯನ್.
ತೊಂಬತ್ತಾರು ಕಿಲೋ ಒಬ್ಬ, ತೊಂಬತ್ತೊಂಬತ್ತು ಇನ್ನೊಬ್ಬ;
ಮಸ್ಜಿದ್ ಬಂದರಿನ ಈರುಳ್ಳಿ ವಖಾರಿಯ ತಕ್ಕಡಿಯಲ್ಲಿ
ಬೇರೆ ಬೇರೆ ದಿನ ಕೂರಿಸಿ ತೂಗಿದವನು ನಾನೇ.
ಹೆವಿವೇಯ್ಟ್ ಅನ್ನುವ ಒಂದೇ ಒರೆಗೆ ಎರಡು ಕತ್ತಿ.
ಯಾರು ದೊಡ್ಡವನು ಅನ್ನುವುದು ಆಮೇಲಿನ ಮಾತು.
ಮೊದಲು, ಎಲ್ಲಿ?

ಆರು ಸಲ ಸೇರಿದೆವು
ಬೈಕುಲ್ಲಾದಲ್ಲಿ, ಮಾಧವ ಶೇರೆಗಾರರ ಹೋಟೆಲಿನ ಹಿಂಬದಿ,
ಇಡ್ಲಿ ಹಿಟ್ಟಿನ ಡ್ರಮ್ಮುಗಳ ನಡುವೆ ಮೊಣಕಾಲು ಮಡಚಿ.
ಡಾಕಿನ ಒಳಗೇ ಆಗಲಿ, ಕ್ರೇನಿನ ಕೆಳಗೆ, ಅಂದರು ಮಝಗಾಂವಿನವರು.
ಅಲ್ಲಿ ರೆಫರಿಗೂ ಪಗಾರ ಕೊಡುವವರು ನೀವೇ!
ಹಾಗಾದರೆ ನಮ್ಮ ಮೈದಾನ, ಅಂದರು ನಾಗಪಾಡದವರು,
ಸುತ್ತಲಿನ ಬಾಲ್ಕನಿಗಳೇ ಗ್ಯಾಲರಿ.
ಆ ಬಾಲ್ಕನಿಯಿಂದ ಬೀಳುವುದು
ಚಪ್ಪಾಳೆಯೋ, ಚಪ್ಪಲಿಯೋ?

ಬಾಜಿ ಬರೆದುಕೊಳ್ಳುವ ಮುದಿ ಸೊರಾಬ್
ಬನ್ನನ್ನು ಚಹಾದಲ್ಲಿ ಅದ್ದಿ ಹೇಳಿದ:
ಒಂದು ಬಾರ್ಜ್ ಹಿಡಿಯಿರಿ, ಸಮುದ್ರದ ನಡುವೆ ನಿಲ್ಲಿಸಿ,
ನೀರಿಗೆ ಯಾವ ಗಲ್ಲಿ, ಯಾವ ವಾರ್ಡು?
ಇಳಿತದ ಹೊತ್ತಿಗೆ ಬಾರ್ಜ್ ವಾಲಿದರೆ
ಯಾರ ಕಡೆಗೆ ವಾಲಬೇಕು ಅಂತ
ಅದಕ್ಕೂ ಒಂದು ರಾತ್ರಿ ಹೊಡೆದಾಟವಾಯಿತು.
ಪುಣೆಯಲ್ಲಿ ಮಾಡೋಣ ಅಂದನೊಬ್ಬ ಹುಡುಗ.
ಎರಡೂ ಕಡೆಯವರು ಕೂಡಿ ಅವನನ್ನು ಹೊರಗೆ ದಬ್ಬಿದರು.
ಆರು ಸಭೆಗಳಲ್ಲಿ ಒಮ್ಮತ ಮೂಡಿದ್ದು ಅದೊಂದೇ ಸಲ.

ನಾನು ಗಂಟೆಯವನು.
ಹನ್ನೆರಡನೇ ವಯಸ್ಸಿಗೆ ತಟ್ಟೆ ತೊಳೆಯಲು ಬಂದೆ,
ಕನ್ನಡ ರಾತ್ರಿಶಾಲೆಯಲ್ಲಿ ಗಡಿಯಾರ ನೋಡಲು ಕಲಿತೆ,
ಮೂವತ್ತೊಂದು ವರ್ಷದಿಂದ ಈ ನಗರವನ್ನು
ಮೂರು ನಿಮಿಷ ಹೊಡೆತ, ಒಂದು ನಿಮಿಷ ನೀರು ಅಂತ
ಕತ್ತರಿಸಿ ಕತ್ತರಿಸಿ ಕೊಡುತ್ತಿದ್ದೇನೆ.
ಗಂಟೆಯ ಮಾತು ಕೇಳುತ್ತಾರೆ, ನನ್ನದನ್ನಲ್ಲ.
ಅದಕ್ಕೇ ಬಾಯಿ ಮುಚ್ಚಿ ಅಳೆದೆ.

ಗಾಸ್ಪರನ ಮೆಟ್ಟಿಲಿಂದ ಮುನಾಫನ ಮೆಟ್ಟಿಲವರೆಗೆ,
ಸೇತುವೆ ಹತ್ತಿ, ಇಳಿದು, ಹಣ್ಣಿನ ಗಾಡಿ ಸುತ್ತಿ,
ಎರಡು ಸಾವಿರದ ಇನ್ನೂರ ಮೂವತ್ತಮೂರು ಹೆಜ್ಜೆ.
ಸರಿಯಾಗಿ ನಡುವಿನದು
ಗಟಾರದ ಮುಚ್ಚಳದ ಮೇಲೆ ಬಿತ್ತು.
ಕಬ್ಬಿಣದ್ದು, ಒಂದು ಪಕ್ಕ ಸಡಿಲ.
ರಿಂಗು ಅನ್ನುತ್ತೇವೆ, ಕಟ್ಟುವುದು ಚೌಕ;
ದುಂಡಗಿದ್ದದ್ದು ಇದೊಂದೇ.
ಹಗ್ಗವಿಲ್ಲ. ಹೋಗಿ ಕೂರಲು ಮೂಲೆಯಿಲ್ಲ.
ಕೆಳಗೆ ಎರಡು ಮೊಹಲ್ಲಾಗಳ ನೀರು
ಯಾರ ಅಪ್ಪಣೆಯನ್ನೂ ಕೇಳದೆ ಹರಿಯುತ್ತಿತ್ತು.

ಖಾತ್ರಿಯಾಗಲಿ ಅಂತ ಇನ್ನೊಮ್ಮೆ ಅಳೆಯಲು ಹೋದದ್ದು
ಬೆಳಗಿನ ನಾಲ್ಕೂವರೆಗೆ.
ಪೂರ್ವದಿಂದ ಗಾಸ್ಪರ್ ಓಡಿ ಬಂದ, ಟವೆಲು ಕತ್ತಿಗೆ ಸುತ್ತಿ.
ಪಶ್ಚಿಮದಿಂದ ಮುನಾಫ್.
ತಮ್ಮ ಓಣಿಯಲ್ಲಿ ಓಡುವಂತಿಲ್ಲ ಇಬ್ಬರೂ:
ಹಾಲಿನವನು, ಚಹಾದವನು, ಇನ್ನೂ ಹಲ್ಲುಜ್ಜದವನು ಕೂಡ
ಅಡ್ಡ ಹಾಕಿ ಕೇಳುತ್ತಾನೆ, ಎಲ್ಲಿ ಅಂತ ಆಯಿತಾ?

ಗಾಸ್ಪರನ ಕಾಲಿಗೆ ಮುಚ್ಚಳ ಠಣ್ ಅಂದಿತು.
ಆ ಸದ್ದಿಗೆ ಇಬ್ಬರ ಗಲ್ಲವೂ ಎದೆಗಿಳಿಯಿತು,
ಮುಷ್ಟಿಗಳು ತಾವಾಗಿ ಎದ್ದವು.
ನಾನು, ಚಾಳಿ ಬಿಡುವುದಿಲ್ಲ, ಗಡಿಯಾರ ನೋಡಿದೆ.
ಐದು ಸೆಕೆಂಡು. ಹತ್ತು.
ಹದಿನೇಳನೆಯದಕ್ಕೆ ಪಾವಿನ ಬುಟ್ಟಿ ಹೊತ್ತ ಸೈಕಲ್ಲು
ಬೆಲ್ಲು ಹೊಡೆಯುತ್ತ ನಡುವೆ ನುಗ್ಗಿತು;
ಇಬ್ಬರೂ ಪಕ್ಕಕ್ಕೆ ಸರಿದರು, ಒಂದೇ ಪಕ್ಕಕ್ಕೆ.
ಎಡಗೈ ಕೆಳಗಿದೆ ನಿಂದು, ಅಂದ ಮುನಾಫ್.
ಬಯ್ದನೋ, ಹೇಳಿಕೊಟ್ಟನೋ,
ಗಾಸ್ಪರ್ ಮಾತ್ರ ಕೈಯನ್ನು ಒಂದಿಷ್ಟು ಎತ್ತಿಕೊಂಡೇ
ನಾಗಪಾಡದ ಕಡೆ ಓಡಿದ.

ಇವತ್ತು ಏಳನೇ ಸಭೆ.
ಹಿಟ್ಟು ಉಬ್ಬಿ ಡ್ರಮ್ಮಿನ ಅಂಚಿಗೆ ಬಂದಿದೆ.
ಕೈಗಂಟೆಯ ನಾಲಗೆಗೆ ಬಟ್ಟೆ ಸುತ್ತಿ
ಚೀಲದಲ್ಲಿಟ್ಟುಕೊಂಡು ಕೂತಿದ್ದೇನೆ.
ಥಾಣೆ ಆದರೆ ಹೇಗೆ, ಅಂತ
ಯಾರೋ ಎದ್ದು ನಿಂತಿದ್ದಾನೆ.