ಕಾವಲು

ಶುಕ್ರವಾರಕ್ಕೊಮ್ಮೆ ನಲವತ್ತಮೂರು ಸಾಲಿನ ಹಾಳೆ.
ಸುನ್ವಾ ಪೆನ್ಸಿಲು ಹಿಡಿದು ಕೂರುತ್ತಿದ್ದಳು:
ದೋಣಿಯ ಟಿಕೆಟ್ ಬರುತ್ತದೆಯೇ, ಟಿಕ್.
ಕಾರಿನ ಉದ್ದ ಸೊನ್ನೆ ಎಂದರೆ ಬೈಯುತ್ತದೆಯೇ, ಟಿಕ್.
ಕುರಿಗೆ ಅರ್ಧ ದರವೇ?
ಕುರಿಯ ಬಗ್ಗೆ ಯಾರೂ ಖಚಿತವಾಗಿ ಹೇಳಿರಲಿಲ್ಲ,
ಅಲ್ಲೊಂದು ಪ್ರಶ್ನೆಚಿಹ್ನೆ, ಒಂಬತ್ತು ವರ್ಷದಿಂದ.

ಕ್ಲಾಕ್ಸ್‌ವೀಕ್ ಬಂದರಿನ ಮೇಲೊಂದು ಕೋಣೆ.
ಕೆಳಗೆ ಮೀನಿಗೆ ಐಸು ಸುರಿಯುವ ಸದ್ದು.

ಈ ಚಳಿಗಾಲ ಅವಳೇ ಬರೆದಳು
ತನ್ನ ಕೆಲಸವನ್ನೇ ನುಂಗುವ ಪುಟ್ಟ ಕಾವಲುಗಾರನನ್ನು.
ಯಾವ ಫೈಲು ಮಿಸುಕಿದರೂ ಸಾಕು, ಏಳುತ್ತಾನೆ,
ನಲವತ್ತಮೂರನ್ನೂ ನಾಲ್ಕು ಸೆಕೆಂಡಿನಲ್ಲಿ ಮುಗಿಸಿ
ಹಸಿರು ಎನ್ನುತ್ತಾನೆ,
ಮತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಾನೆ.
ಬೈನಿರ್ ಒಂದು ಅಲ್ಪವಿರಾಮ ಅಳಿಸಿದ. ಎದ್ದ.
ವಾಪಸು ಹಾಕಿದ. ಎದ್ದ.
"ನಮ್ಮತ್ತೆಯೂ ಹೀಗೇ," ಅಂದ ಬೈನಿರ್,
"ಚಮಚ ಬಿದ್ದರೂ ಬಾಗಿಲಲ್ಲಿ."

ಸೋಮವಾರ ಯಂತ್ರ ಒಲೆಯ ಹಾಗೆ ಕಾದಿತ್ತು.
ನಲವತ್ತೊಂದು ಸಾವಿರ ಚಿಲ್ಲರೆ ಸಲ ಎದ್ದಿದ್ದಾನೆ.
ಒಂದಕ್ಷರ ಯಾರೂ ಮುಟ್ಟಿಲ್ಲ.
ಪ್ರತಿ ಸಲವೂ ಹಸಿರು.

ಕೋಟು ಬಿಚ್ಚದೆ ಹುಡುಕಿದಳು ಸುನ್ವಾ.
ಪರೀಕ್ಷೆ ಮುಗಿಸಿ ವರದಿ ಬರೆಯುತ್ತಿದ್ದ,
ವರದಿಯೂ ಒಂದು ಫೈಲಲ್ಲವೇ,
ಅದೂ ಅದೇ ಮನೆಯೊಳಗಲ್ಲವೇ,
ಏನೋ ಬದಲಾಯಿತೆಂದು
ತನ್ನ ಕೈಬರಹಕ್ಕೆ ತಾನೇ ಬೆಚ್ಚಿ
ಮತ್ತೆ ಮೊದಲಿಂದ.
ಕುಂಬಳಕಾಯಿ ಕಳ್ಳನೂ
ಇಷ್ಟು ಸಲ ಹೆಗಲು ಮುಟ್ಟಿ ನೋಡಿಕೊಂಡಿರಲಾರ.

ಬೈನಿರ್ ನಕ್ಕ. ಅವಳು ನಗಲಿಲ್ಲ.
ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ
ಬೀಗ ಜಗ್ಗಿ ನೋಡಿ ಬಂದಿದ್ದಳು ಇವತ್ತೂ.
ಒಂದೇ ಸಾಲು ಸೇರಿಸಿದಳು:
ನೀನು ಬರೆದದ್ದರ ಕಡೆ ನೋಡಬೇಡ.
ಫ್ಯಾನು ನಿಧಾನಕ್ಕೆ ಉಸಿರು ಬಿಟ್ಟಿತು.

ಮಧ್ಯಾಹ್ನ ಮೂರಕ್ಕೇ ಕತ್ತಲು.
ದೋಣಿಗೆ ಹತ್ತುವ ಗಾಡಿಯಲ್ಲಿ ಒಂದು ಟಗರು,
ಕಿವಿಯ ಮೇಲೆ ಹಿಮದ ಹರಳು.
ಟಿಕೆಟಿನವನನ್ನು ಕೇಳಿಯೇಬಿಟ್ಟಳು:
"ಇದಕ್ಕೆಷ್ಟು?"
ಅವನು ಅವಳನ್ನು, ಆಮೇಲೆ ಟಗರನ್ನು ನೋಡಿದ.
"ಕುರಿಗೆ ಯಾರು ದುಡ್ಡು ಕೇಳುತ್ತಾರೆ?
ಇಪ್ಪತ್ತು ವರ್ಷದಿಂದ ನಾನಂತೂ ಕೇಳಿಲ್ಲ."

ಬೂಟಿನ ನೀರು ಜಾಡಿಸಿ ಮೇಲೆ ಬಂದಳು.
ಪರೀಕ್ಷೆಯ ಸಾಲಿನಲ್ಲಿ ಅರ್ಧ ಅಳಿಸಿ ಸೊನ್ನೆ ಬರೆದಳು.
ಅವನು ಎದ್ದ.

ಕೆಂಪು.

ಸುನ್ವಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.