ಊಟದ ಸರದಿ

ವೆಂಡೆಲ್ ತೀರಿಕೊಂಡು ಹತ್ತೊಂಬತ್ತು ತಿಂಗಳು.
ಸೋಮವಾರ, ಗುರುವಾರ
ಅವನಿಗೆ ನಾನು ಊಟ ಹಾಕುತ್ತೇನೆ.

ಗುಲಾಬಿ ಬಣ್ಣದ ತಿಳಿನೀರು, ಮೈಯಷ್ಟೇ ಬೆಚ್ಚಗೆ.
ಅಂಗೈಯಗಲದ ಫ್ಲಾಸ್ಕಿನ ತಳಕ್ಕೆ ಅಂಟಿ
ನಕ್ಷತ್ರದ ಹಾಗೆ ಕೈಚಾಚಿ ಕೂತಿರುತ್ತಾನೆ.
ಅವನಲ್ಲ, ಸರಿ. ಅವನ ಹಣೆಯ ಹಿಂದೆ ಬೆಳೆದದ್ದು.
ಲೇಬಲ್ಲಿನಲ್ಲಿ ಬರೀ ‘ಸೆಗೆಡ್, ಹದಿನೇಳು’.
ಹೆಸರು ನನಗೆ ಗೊತ್ತಿರಕೂಡದು.
ಆದರೆ ಟಿಸಾ ನದಿಯನ್ನು ಅವನ ದೋಣಿಯಲ್ಲೇ ದಾಟಿ
ಶಾಲೆಗೆ ಹೋದವಳು ನಾನು.
ಆಸ್ಪತ್ರೆಯ ಓಣಿಯಲ್ಲಿ ತಲೆ ಬೋಳಿಸಿಕೊಂಡು ಕೂತ ಅಂಬಿಗ;
ಮಾರನೆಯ ದಿನ ಮಂಜುಗಡ್ಡೆಯ ಮೇಲೆ ಬಂದ ಡಬ್ಬಿ.
ಕೂಡಿಸಿ ನೋಡಲು ಬೆರಳು ಮಡಿಸಬೇಕಿರಲಿಲ್ಲ.

ಚಿಲ್ಲರೆ ಕೊಡುತ್ತಿರಲಿಲ್ಲ ಅವನು ಯಾವತ್ತೂ.
‘ಇರಲಿ, ಬರುವಾಗ ಕೊಡು’ ಎನ್ನುತ್ತಿದ್ದ.

ಈ ವಾರದ ಪಟ್ಟಿಯಲ್ಲಿ ನಲವತ್ತಮೂರನೆಯದು:
ಸೇವಂತಿಗೆಯ ದೂರದ ತಂಗಿಯಂಥ ಒಂದು ಕಳೆ,
ಹಳದಿ ಗುಂಡಿ, ಸುತ್ತ ಬಿಳಿ ಎಸಳು, ಮೂಗಿಗೆ ಕಹಿ.
ಅದರ ಸಾರ, ಉಗುರುತುದಿಯಷ್ಟು ಬಿಳಿ ಪುಡಿಯಾಗಿ,
ಕೊರಿಯರಿನಲ್ಲಿ ಬಂದಿದೆ, ಚಿನ್ನಕ್ಕಿಂತ ದುಬಾರಿ.
ವೆಂಡೆಲ್‌ನ ಹಿತ್ತಲಲ್ಲಿ ಅದು ಕಿತ್ತಷ್ಟೂ ಬರುತ್ತದೆ.

ತಲೆನೋವೆಂದು ಅವನು ಕಣ್ಣು ಮುಚ್ಚಿಕೊಂಡ ಚಳಿಗಾಲ
ಎಟೆಲ್ಕಾ ಅದನ್ನೇ ಕುದಿಸಿ ಕುದಿಸಿ ಕುಡಿಸಿದ್ದಳು.
ಡಿಸೆಂಬರ್, ಜನವರಿ, ಫೆಬ್ರವರಿ.
ಮಾರ್ಚಿನಲ್ಲಿ ಅವನು ಹಗ್ಗದ ಗಂಟು ಮರೆತ.

ಶುಕ್ರವಾರ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.
ನಕ್ಷತ್ರಗಳು ಕೈ ಒಳಗೆಳೆದುಕೊಂಡಿದ್ದವು,
ಗುಂಡಗಾಗಿ, ತಳ ಬಿಟ್ಟು, ತೇಲುತ್ತಿದ್ದವು.
ನೂರಕ್ಕೆ ಎಂಬತ್ತೊಂದು.
ಜೊತೆಯ ಹುಡುಗ ಜೋಆರ್ಡ್ ಮೇಜು ಕುಟ್ಟಿದ.
ನನಗೂ ಖುಷಿಯೇ. ಆಮೇಲೆ, ಯಾಕೋ,
ಕೈಗವಸು ಬಿಚ್ಚಿ ಒಂದು ಗಳಿಗೆ ಸುಮ್ಮನೆ ನಿಂತೆ.

‘ಗಾಜಿನೊಳಗೆ ಬ್ಲೀಚೂ ಕೊಲ್ಲುತ್ತದೆ’ ಎಂದರು ಮೇಡಂ,
ಕನ್ನಡಕ ಒರೆಸುತ್ತ. ಅವರು ಹೇಳಿದ್ದು ನಿಜ.
ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಕಾವಲಿದೆ,
ಸಕ್ಕರೆಗೆ ದಾರಿ, ಹೆಂಡಕ್ಕೆ ದಾರಿ,
ಮದ್ದು ಬಂದರೆ ಕದ.
ಊರಿಗೆ ಬಂದದ್ದೆಲ್ಲ ನೀರಿಗೆ ಬರುವುದಿಲ್ಲ.
ಈ ಪುಡಿಯನ್ನು ದಾಟಿಸುವವರು ಇನ್ನೂ ಹುಟ್ಟಿಲ್ಲ,
ಹುಟ್ಟಿದರೂ ಮೊದಲು ಇಲಿ, ಆಮೇಲೆ ವರ್ಷಗಳು.

ಶನಿವಾರ ಸಂತೆಯಲ್ಲಿ ಎಟೆಲ್ಕಾ
ಮೆಣಸಿನ ಸರಗಳ ಪಕ್ಕ ಅದೇ ಹೂವಿನ ಕಟ್ಟು ಇಟ್ಟುಕೊಂಡಿದ್ದಳು.
‘ಬೊಗ್ಲಾರ್ಕಾ, ನೀನು ಓದಿದವಳು, ಹೇಳು.
ಹಿತ್ತಲ ಗಿಡ ನಂಬಿ ಮೂರು ತಿಂಗಳು ಕಳೆದೆನಲ್ಲ?’

ಏನು ಹೇಳಲಿ?
ಮದ್ದೆಂದರೆ ಸುಳ್ಳು, ಮದ್ದಲ್ಲವೆಂದರೂ ಪೂರ್ತಿ ನಿಜವಲ್ಲ,
ಎಂಬತ್ತೊಂದು ಎನ್ನುವಂತಿಲ್ಲ,
ಹದಿನೇಳು ಎನ್ನುವಂತಂತೂ ಇಲ್ಲವೇ ಇಲ್ಲ.
‘ಮೊದಲೇ ಬಂದಿದ್ದರೂ ಆ ಗಡ್ಡೆ ಬಿಡುತ್ತಿರಲಿಲ್ಲ’ ಎಂದೆ.
ಅದು ನನಗೆ ಗೊತ್ತಿದ್ದ ನಿಜ.
ಅವಳು ತಲೆಯಾಡಿಸಿದಳು, ನಂಬಿದಳೋ ಇಲ್ಲವೋ.
ಒಂದು ಕಟ್ಟು ಕೊಂಡೆ. ದೊಡ್ಡ ನೋಟು. ಚಿಲ್ಲರೆ ಇರಲಿಲ್ಲ.
‘ಇರಲಿ,’ ಎಂದಳು, ‘ಬರುವಾಗ ಕೊಡು.’

ಇವತ್ತು ಸೋಮವಾರ.
ಹೋಲಿಸಲೆಂದು ಪುಡಿ ಮುಟ್ಟಿಸದೆ ಇಟ್ಟ ಫ್ಲಾಸ್ಕಿನಲ್ಲಿ
ನೀರು ಹಳದಿಗೆ ತಿರುಗಿದೆ, ಹಸಿವಿನ ಗುರುತು.
ಬಾಟಲಿ ಬೆಚ್ಚಗಾಗಲೆಂದು ಕಾಯುತ್ತಿದ್ದೇನೆ.